ಚಾಂದನಿಯ ಬಾಯಿಕುಕ್ಕೆ

ಬಾಯಿಕುಕ್ಕೆಯೊಳಗೇ ಚಾಂದನಿ ಕಟಕಟನೆ ಹಲ್ಲು ಕಡಿಯುತ್ತಿತ್ತು. ಅಂಗಳಕ್ಕೆ ಕಾಲಿಟ್ಟ ಪಶುವೈದ್ಯೆ ಹೇಮಾ ಅವರ ಕಣ್ಣು ಆ ಕುಕ್ಕೆಯ ಮೇಲೇ ನಿಂತಿತು. ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲೆಂದು ಕಟ್ಟುವ ಹಗ್ಗದ ಜಾಳಿಗೆ ಅದು. ಮನೆಯ ಮುಂದೆ ಸುಮ್ಮನೆ ನಿಂತ ಕುದುರೆಗೆ ಅದೇಕೆ?

"ಹೊಟ್ಟಿ ಇಳೀಬೇಕಲ್ರಿ ಮೇಡಂ," ಎಂದ ಕುದುರೆಯ ಒಡೆಯ ಹಯಾತ. "ತಡಸದ ಗಾಡಿ ಶರ್ಯತ್ತು ಹತ್ರ ಬಂತು. ಹಸಿದ ಕುದ್ರೀನ ಜೋರ ಓಡ್ತೈತಿ. ಆದ್ರ ಈಗ ಹುರಳಿ ಹಾಕಿದ್ರೂ ಮೂತಿ ತಿರುವಾಕತ್ತೈತ್ರಿ, ಅದಕ್ಕ ನಿಮ್ಮನ್ನ ಕರಸೇನಿ."

ಮುಂಜಾನೆ ಬರಿಹೊಟ್ಟೆಯಲ್ಲಿ ಓಡಿಸುವುದು, ಬಂದ ಮೇಲೆ ಬುಟ್ಟಿಗಟ್ಟಲೆ ಹುರುಳಿ, ಮೇಲೆ ಬಾದಾಮಿ, ತತ್ತಿ. ಆಮೇಲೆ ಕತ್ತಲಾಗುವವರೆಗೆ ಬಾಯಿಗೆ ಕುಕ್ಕೆ. ಹುಲ್ಲು ತಿನ್ನುವ ಪ್ರಾಣಿಗೆ ತತ್ತಿ ಕುಡಿಸಿ ಹುಲ್ಲನ್ನೇ ಮುಚ್ಚಿಡುವ ಜಾಣತನವನ್ನು ಹಯಾತನಿಗೆ ಯಾವ ಉಸ್ತಾದ ಕಲಿಸಿದನೋ! ಕೊರಳಿಗೆ ಮಾತ್ರ ರೇಷ್ಮೆ ಗೊಂಡೆ, ಹಿತ್ತಾಳೆ ಗೆಜ್ಜೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಹೇಮಾ ಕುದುರೆಯನ್ನು ಪರೀಕ್ಷಿಸಿ, ಹೊಟ್ಟೆಯಲ್ಲಿ ಹುಣ್ಣಾದ ಲಕ್ಷಣ ಎಂದರು. ಕುದುರೆ ತಿಂದರೂ ತಿನ್ನದಿದ್ದರೂ ಅದರ ಹೊಟ್ಟೆಯಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ, ಮೇವು ಮೆಲ್ಲುವಾಗ ಇಳಿಯುವ ಜೊಲ್ಲೇ ಅದನ್ನು ತಣಿಸಬೇಕು, ಬರಿಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಮೇಲಕ್ಕೆ ಎಗರಿ ಸುಡುತ್ತದೆ ಎಂದು ತಿಳಿಸಿ ಹೇಳಿದರು. ಓಡಿಸುವ ಮುಂಚೆ ಒಂದಿಷ್ಟು ಮೇವು ಕೊಡಿ, ಇಡೀ ದಿನ ಹುಲ್ಲು ಮುಂದಿರಲಿ, ಕಾಳು ಕಡಿಮೆ ಮಾಡಿ ಎಂದರು. ಔಷಧಿಯನ್ನೂ ಕೊಟ್ಟರು.

ಹಯಾತನ ಕಿವಿಗೆ ಬಿದ್ದದ್ದು ಔಷಧಿಯ ಮಾತೊಂದೇ. ಮರುದಿನ ಬೆಳಗ್ಗೆ ಅದನ್ನು ನುಂಗಿಸಿದವನೇ ಕುಕ್ಕೆಯನ್ನು ಹೆಂಡತಿ ಗೌಹರಳ ಕೈಗೆ ಕೊಟ್ಟ. ಮರಿಯಿದ್ದಾಗಿನಿಂದ ಹುಲ್ಲು ಹಾಕಿ ಸಾಕಿದವಳು ಅವಳು. ಚಾಂದನಿ ತಲೆ ಬಾಗಿಸುತ್ತಿದ್ದುದು ಅವಳೊಬ್ಬಳಿಗೇ. ಆದ್ದರಿಂದ ಬಾಯಿ ಕಟ್ಟುವ ಕೆಲಸವೂ ಅವಳದೇ ಆಗಿತ್ತು.

"ಔಷಧ ಹಾಕೇನಿ. ಇನ್ನ ಉಪಾಸ ಇದ್ರೂ ಏನೂ ಆಗೂದಿಲ್ಲ," ಎಂದ. "ನಾ ದಿನಾ ಗ್ಯಾಸಿನ ಗುಳಗಿ ನುಂಗಿ ಮಿರ್ಚಿ ತಿನ್ನೂದಿಲ್ಲೇನು? ಕಟ್ಟು."

ಗೌಹರಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಕಟ್ಟಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

"ರೋಜಾ ಹಿಡಿಯೂ ಮುಂದ ನಾವು ನಿಯ್ಯತ್ ಮಾಡ್ತೇವಿ. ಹಸಿವಿ ನಮ್ಮ ಮನಸ್ಸಿಲೆ ಒಪ್ಪಿಕೊಂತೇವಿ. ಆದ್ರೂ ನೀವು ಮಧ್ಯಾಹ್ನದಿಂದ ಗಡಿಯಾರ ನೋಡ್ಕೋತ ಕುಂದರ್ತೀರಿ. ಈ ಮೂಕಪ್ರಾಣಿ ಯಾವಾಗ ನಿಯ್ಯತ್ ಮಾಡಿತ್ರಿ?"

ಹಯಾತ ಶರ್ಯತ್ತು ಸೋತರೆ ತಮ್ಮೂರು ಸವಣೂರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ಗೊಣಗಿದ. ಗೌಹರ ನೆಟ್ಟಗೆ ಒಳಗೆ ಹೋಗಿ ಕುಕ್ಕೆಯನ್ನು ಉರಿಯುವ ಒಲೆಗೆ ತುರುಕಿದಳು. ಹಗ್ಗ ಚಟಪಟನೆ ಸುಟ್ಟುಹೋಯಿತು. ಹೊರಗಿನಿಂದ ಗಂಡ ಕೂಗಾಡುತ್ತಲೇ ಇದ್ದ. ಅವಳು ಹಿತ್ತಲಿನಿಂದ ಒಂದು ಹೊರೆ ಹಸಿಹುಲ್ಲು ತಂದು ಚಾಂದನಿಯ ಮುಂದೆ ಸುರಿದು, ಬರಿಗೈ ಎರಡೂ ಚಾಚಿ, "ತಿನ್ನವ್ವ," ಎಂದಳು.

ಚಾಂದನಿ ಹುಲ್ಲನ್ನು ಮೂಸಿತು. ಅವಳ ಕೈಗಳನ್ನು ನೋಡಿತು. ಆಮೇಲೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಕಟ್ಟು ಎನ್ನುವಂತೆ ಮೂತಿಯನ್ನು ತಾನಾಗಿಯೇ ಆ ಕೈಗಳ ನಡುವೆ ತಂದಿಟ್ಟಿತು.