ಎಡೆಯ ಪಕ್ಕದ ಪುಸ್ತಕ

"ಎಡೆಗೆ ಪುಸ್ತಕ ಇಡ್ತಾರೇನೇ ಯಾರಾದ್ರೂ?" ಸಣ್ಣರಂಗಯ್ಯ ಹೆಂಡತಿಯ ಮೇಲೆ ರೇಗಿದ.

"ನಿಮ್ಮಪ್ಪಂಗೆ ಬೀಡಿ ಕಟ್ಟು ಇಟ್ಟಾಗ ಬಾಯಿ ಬರ್ನಿಲ್ಲ. ನನ್ನ ಮಗ್ಳಿಗೆ ಪುಸ್ತಕ ಇಟ್ರೆ ಮಾತ್ರ ತಪ್ಪಾ?" ಪಾಪಕ್ಕ ಪುಸ್ತಕವನ್ನು ಬಾಳೆ ಎಲೆಯ ಹತ್ತಿರಕ್ಕೆ ಇನ್ನಷ್ಟು ಸರಿಸಿದಳು. ಸಣ್ಣರಂಗಯ್ಯ ಹೋಗಿ ಗೋಡೆಗೊರಗಿ ನಿಂತ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕೂರುವ ದಿನ. ಹಿರಿಯರ ಸಾಲಿನಲ್ಲಿ ಈ ಸಲ ಹದಿಮೂರರ ಆಶಾರಾಣಿಗೂ ಒಂದು ಎಲೆ ಬಿದ್ದಿತ್ತು. ಆಷಾಢದಲ್ಲಿ ಡೆಂಗಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೊರಟುಹೋಗಿದ್ದಳು, ಪಾಪಿ ಹುಡುಗಿ.

ಅಷ್ಟರಲ್ಲಿ ಹುಲಿಕುಂಟೆಯ ಗ್ರಂಥಾಲಯ ನೋಡಿಕೊಳ್ಳುವ ವೇದಾವತಿ ಬಾಗಿಲಲ್ಲಿ ನಿಂತಳು. "ನಾಡಿದ್ದು ಪುಸ್ತಕ ತಪಾಸಣೆಗೆ ಬರ್ತಾರೆ ಪಾಪಕ್ಕ. ಆಶಾ ತಂದಿದ್ದು ಒಂದು..." ಎಡೆ ಕಂಡದ್ದೇ ಮಾತು ನುಂಗಿಕೊಂಡಳು. ಇವತ್ತೇ ಬರಬೇಕಿತ್ತೇ ನಾನು ಎಂದು ತನ್ನನ್ನೇ ಬೈದುಕೊಂಡಳು.

ಅದು ಮಕ್ಕಳ ಸಾಹಸದ ಕಾದಂಬರಿ. ಪಾಳೇಗಾರರ ಕಾಲದ ಕೋಟೆ, ಸುತ್ತ ವೈರಿಸೈನ್ಯ, ಗುಟ್ಟಿನ ಓಲೆ ಹೊತ್ತು ಹಗ್ಗ ಹಿಡಿದು ಗೋಡೆ ಇಳಿಯುವ ಕೆಂಚಿ ಎಂಬ ಹುಡುಗಿ. ಅಕ್ಷರ ಬಾರದ ಪಾಪಕ್ಕ ಸಂಜೆ ಕಳ್ಳೇಕಾಯಿ ಸುಲಿಯುತ್ತ ಕೂತರೆ ಆಶಾ ಪಕ್ಕದಲ್ಲಿ ಕೂತು ಓದುವಳು. ರುಚಿ ಹತ್ತುವ ಹೊತ್ತಿಗೆ ಪಟ್ಟನೆ ಮುಚ್ಚಿಬಿಡುವಳು.

"ಲೇ, ಆ ಕೂಸು ಹಗ್ಗದಾಗೆ ನೇತಾಡ್ತಾ ಐತಲ್ಲೇ, ಇಳ್ಸೇ!" ಎಂದು ಪಾಪಕ್ಕ ಗೋಗರೆದರೆ, "ಎಲ್ಲಾ ಇವತ್ತೇ ಓದ್ಬುಟ್ರೆ ನಾಳೆ ನೀನು ನನ್ನ ಕರಿಯಲ್ಲ ಕಣವ್ವ" ಎಂದು ನಕ್ಕಿದ್ದಳು. ಮಾರನೆಯ ದಿನವೇ ಜ್ವರ. ಕೆಂಚಿ ಇನ್ನೂ ಹಗ್ಗದಲ್ಲೇ ಇದ್ದಳು.

"ಪುಸ್ತಕದ ಮಾತು ಆಮೇಲಾಡನ ವೇದಮ್ಮ." ಪಾಪಕ್ಕ ಪುಸ್ತಕ ಎತ್ತಿ ಅವಳತ್ತ ಚಾಚಿದಳು. "ಬಾಗ್ಲು ಹಾಕಕ್ಕೆ ಮುಂಚೆ, ಅವಳು ಬುಟ್ಟಿರೋ ತಾವಿಂದ ಒಸಿ ಓದು. ಅವಳೂ ಕೇಳ್ಕಳ್ಳಿ."

ವೇದಾವತಿ ಚಪ್ಪಲಿ ಬಿಟ್ಟು ಬಂದು ಎಡೆಯ ಮುಂದೆ ಕೂತಳು. ಆಶಾಳ ಹೇರ್‌ಪಿನ್ನು ಸಿಕ್ಕಿಸಿದ್ದ ಪುಟ ತೆಗೆದು ಓದತೊಡಗಿದಳು. ಹಗ್ಗ ಜಾರಿತು. ಕೆಂಚಿಯ ಅಂಗೈ ಸುಲಿಯಿತು. ಕೆಳಗೆ ಪಂಜಿನ ಬೆಳಕು ಬಂತು, ಯಾರೋ ಕತ್ತೆತ್ತಿ ಮೇಲೆ ನೋಡಿದರು. ಗೋಡೆಗೊರಗಿ ನಿಂತಿದ್ದ ಸಣ್ಣರಂಗಯ್ಯ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ. ವೇದಾವತಿ ಹಾಳೆಯ ಎರಡೂ ಮಗ್ಗುಲು ಮುಗಿಸಿ ಮುಂದಿನದಕ್ಕೆ ಕೈ ಹಾಕಿದಳು. ಪಾಪಕ್ಕನ ಅಂಗೈ ಪುಸ್ತಕದ ಮೇಲೆ ಬಿತ್ತು.

"ಸಾಕು."

"ತಡಿಯೇ, ಆ ಕೂಸು ಇಳೀಲಿ!" ಎಂದ ಸಣ್ಣರಂಗಯ್ಯ.

ಪಾಪಕ್ಕ ಕೇಳಿಸಿಕೊಳ್ಳಲಿಲ್ಲ. ಪಿನ್ನನ್ನು ಒಂದು ಹಾಳೆ ಮುಂದಕ್ಕೆ ಸಿಕ್ಕಿಸಿ, ಪುಸ್ತಕವನ್ನು ಮತ್ತೆ ಎಲೆಯ ಪಕ್ಕ ಇಟ್ಟು, ಇಬ್ಬರನ್ನೂ ಹೊರಡಿಸಿ ಬಾಗಿಲು ಮುಚ್ಚಿದಳು.

ಮೂವರೂ ಜಗುಲಿಯ ಮೇಲೆ ಕೂತರು. ವೇದಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪುಸ್ತಕ ನಿಮ್ಮತ್ರಾನೇ ಇರ್ಲಿ ಪಾಪಕ್ಕ, ಬರೋರಿಗೆ ನಾನೇ ಏನೋ ಒಂದು ಹೇಳ್ಕತೀನಿ. ನಾಳೆ ಬಂದು ಉಳಿದಿದ್ದೂ ಓದ್ಲಾ?" ಎಂದಳು.

"ನಾಳೆ ಬ್ಯಾಡ ಕಣಮ್ಮ. ಬರೋ ವರ್ಸ, ಇದೇ ಅಮಾಸೆಗೆ ಬಾ." ಪಾಪಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. "ಇನ್ನೆಷ್ಟು ಹಾಳೆ ಐತೆ ಅದ್ರಾಗೆ?"

"ಮೂವತ್ತೊಂದೋ, ಮೂವತ್ತೆರಡೋ ಇರ್ಬೇಕು."

ಪಾಪಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ನಂಗೀಗ ನಲವತ್ತೆರಡು. ವರ್ಸಕ್ಕೊಂದು ಹಾಳೆ. ನಾನಿರೋಗಂಟ ನನ್ನ ಮಗ್ಳು ಬತ್ತಾಳೆ ಬುಡು."