ಒಡೆದ ಕಡುಬು

ಚಿಕ್ಕಮ್ಮ ಹಬೆಪಾತ್ರೆಯ ಮುಚ್ಚಳ ತೆಗೆದಳು. ಅಕ್ಕಿಹಿಟ್ಟಿನ ಕಡುಬೊಂದು ಹೊಟ್ಟೆ ಬಿರಿದು, ಮಸಾಲೆ ಕೈಮಾವನ್ನೆಲ್ಲ ಚೆಲ್ಲಿಕೊಂಡು ಮಲಗಿತ್ತು. ತಾನು ಎರಡನೆಯವಳಾಗಿ ಈ ಮನೆಗೆ ಬಂದು ತಿಂಗಳೂ ತುಂಬಿಲ್ಲ; ತಾಯಿ ತೀರಿಕೊಂಡ ಹುಡುಗಿ ಏನೆಂದುಕೊಂಡಾಳು? ಅದನ್ನು ಸರಕ್ಕನೆ ತನ್ನ ತಟ್ಟೆಗೆ ಹಾಕಿಕೊಂಡು, ಮುದ್ದಾಗಿ ದುಂಡಗಿದ್ದವನ್ನು ಹುಡುಗಿಗೆ ಬಡಿಸಿದಳು.

ಹುಡುಗಿ ಮುಟ್ಟಲಿಲ್ಲ. ಅವಳ ಕಣ್ಣೆಲ್ಲ ಚಿಕ್ಕಮ್ಮನ ತಟ್ಟೆಯ ಮೇಲಿತ್ತು.

"ಯಾಕೆ ಪುಟ್ಟಿ, ಚೆನ್ನಾಗಿಲ್ವಾ?"

"ಒಡೆದಿರೋದು ನಂದು," ಎಂದಳು ಹುಡುಗಿ ಮೆಲ್ಲಗೆ. "ಅಮ್ಮ ಯಾವಾಗ್ಲೂ ನಂಗೇ ಎತ್ತಿಡ್ತಿದ್ಲು."

ಚಿಕ್ಕಮ್ಮ ಅದನ್ನು ಅವಳ ತಟ್ಟೆಗೆ ದಾಟಿಸಿದಳು. ಆಮೇಲೆ ಪಾತ್ರೆಯಿಂದ ಗಟ್ಟಿಮುಟ್ಟಾದ ಇನ್ನೊಂದು ಕಡುಬನ್ನೆತ್ತಿ, ಕೈ ಸುಡುತ್ತಿದ್ದರೂ ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಒತ್ತಿ ಒಡೆದಳು.

"ಅಯ್ಯೋ, ಇದೂ ಒಡೆದೋಯ್ತಲ್ಲೇ!"