ನಲವತ್ತೊಂದನೆಯ ಸ್ಲೈಡು

ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷಿಸುವ ದುರ್ಬೀನಿಗೆ ಕಣ್ಣಿಟ್ಟ ಶೇಷಗಿರಿ ಬೆಚ್ಚಿಬಿದ್ದ. ಮಸೂರ ಒರೆಸಿ ಮತ್ತೆ ನೋಡಿದ. ಅದೇ! ಮನುಷ್ಯರ ರಕ್ತದ ಕೆಂಪು ಕಣ ದುಂಡಗಿರುತ್ತದೆ, ಒಳಗೆ ಬೀಜವಿರುವುದಿಲ್ಲ. ಇಲ್ಲಿಯೋ, ಎಲ್ಲವೂ ಮೊಟ್ಟೆಯಾಕಾರ, ಪ್ರತಿಯೊಂದರ ನಡುವೆ ಒಂದು ಕಪ್ಪು ಬೀಜ. ಎರಡನೆಯ ಸ್ಲೈಡು, ಹತ್ತನೆಯದು, ನಲವತ್ತನೆಯದು, ಎಲ್ಲ ಹಾಗೇ. ವೈಷ್ಣವರ ಮನೆಯ ಹುಡುಗ, ಕೋಳಿ ಮುಟ್ಟಿದವನಲ್ಲ. ಆದರೆ ತರಬೇತಿಯಲ್ಲಿ ಕೋಳಿಯ ರಕ್ತ ನೋಡಿದ್ದ. ಗುಡ್ಡದಹಟ್ಟಿಯ ನಲವತ್ತು ಮಂದಿಯ ಹೆಸರು ಹೊತ್ತು ಬಂದದ್ದು ಕೋಳಿಯ ನೆತ್ತರು!

ಅವನ ಮೈ ಉರಿದುಹೋಯಿತು. ದೇವದುರ್ಗದ ಆಚೆಯ ಆ ಹಟ್ಟಿಯಲ್ಲಿ ಹದಿನೈದು ದಿನದಲ್ಲಿ ಇಬ್ಬರು ಚಳಿಜ್ವರಕ್ಕೆ ಹೋಗಿದ್ದರು. ಎಪ್ಪತ್ತಾರನೇ ಇಸವಿಯ ಆ ಮಳೆಗಾಲ ಮುಗಿಯುವಷ್ಟರಲ್ಲಿ ಮಲೇರಿಯಾ ಮತ್ತೆ ತಲೆ ಎತ್ತಿತ್ತು. ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತನ್ನಿ, ಅಲ್ಲೇ ಗುಳಿಗೆ ಕೊಟ್ಟು ಬನ್ನಿ ಎಂದು ಮಲೇರಿಯಾ ಸಿಬ್ಬಂದಿಯ ಹನುಮಂತ್ರಾಯ, ಗದ್ದೆಪ್ಪ ಇಬ್ಬರನ್ನೂ ಕಳಿಸಿದ್ದೇ ಅದಕ್ಕೆ. ಇವರು ಮಾಡಿಬಂದ ಘನಕಾರ್ಯ ಇದು!

ಅಷ್ಟರಲ್ಲಿ ಹನುಮಂತ್ರಾಯನೇ ಚಹಾ ಹಿಡಿದು ಒಳಗೆ ಬಂದ. "ಏನ್ರಿ ಆಚಾರ್ರ, ಮುಂಜಾನಿಂದ ದುರ್ಬೀನ್ ಬಿಟ್ಟು ಏಳವಲ್ರಿ?"

"ಹನುಮಂತು, ಹಟ್ಟ್ಯಾಗ ಕೋಳಿ ಕೊಯ್ದಿದ್ರೇನು?"

ಹನುಮಂತ್ರಾಯ ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕೇಬಿಟ್ಟ. "ಸಿಕ್ಕಿಬಿದ್ವಿ ನೋಡ್ರಿ! ಗೌಡ್ರ ಮನ್ಯಾಗ ಊಟಕ್ಕ ನಿಂದ್ರಿಸಿದ್ರು. ಮನಿ ಮನಿ ತಿರುಗಿ ಸೂಜಿ ಚುಚ್ಚಿದ್ರ ಮಂದಿ ಬೈತಾರ. ನಲವತ್ತು ಸ್ಲೈಡ್ ತರ್ರಿ ಅಂದ್ರು, ತಂದೀವಿ. ಎಲ್ಲಾ ನೆಗೆಟಿವ್ ಅಂತ ಬರದು ಬಿಡ್ರಿ, ಯಾರು ಕೇಳ್ತಾರ?"

"ಮಂದಿ ಸಾಯಾಕತ್ತಾರಲೇ ಅಲ್ಲಿ!"

"ಹಂಗಂತ ರಾಯಚೂರಿನ ಸಾಹೇಬ್ರಿಗೆ ಬರದು ಹಾಕ್ತೀರೇನು?" ಹನುಮಂತ್ರಾಯನ ನಗು ಮಾಯವಾಯಿತು. "ನನಗ ಮೂರು ಹೆಣ್ಣುಮಕ್ಕಳದಾವ, ಶೇಷಣ್ಣಾ. ನೌಕರಿ ಹೋಗ್ತದ. ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ. ಬ್ಯಾಸಗ್ಯಾಗ ನಿಮ್ಮ ಅಮ್ಮಾರಿಗೆ ಬಿಸಲು ಬಡದಾಗ ರಾಯಚೂರಿಗೆ ಒಯ್ದಾಂವ ಯಾರ ನೆನಸ್ಕೋರಿ."

ಶೇಷಗಿರಿಗೆ ಆ ದಿನ ನೆನಪಾಯಿತು. ಸುಳ್ಳಲ್ಲ ಅದು. ಪ್ರಜ್ಞೆ ತಪ್ಪಿದ ತಾಯಿ ಭಾಗೀರಥಿಬಾಯಿಯನ್ನು ಹೆಗಲ ಮೇಲೆ ಹೊತ್ತು ಜೀಪಿಗೆ ಹಾಕಿದವನು ಇವನೇ. ಇಡೀ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವನೂ ಇವನೇ. ಅಂಥವನ ಅನ್ನಕ್ಕೆ ಮಣ್ಣು ಹಾಕುವುದೇ? ಥೂ, ಹಂಗಿನ ಬಾಳೇ! ಶೇಷಗಿರಿ ಪೆನ್ನು ತೆಗೆದುಕೊಂಡು ನಮೂನೆಯಲ್ಲಿ ಒಂದೊಂದೇ ಹೆಸರಿನ ಮುಂದೆ 'ನೆಗೆಟಿವ್' ಎಂದು ಬರೆಯತೊಡಗಿದ. ಹದಿನೇಳರವರೆಗೆ ಬರೆದ. ಕೈಗೆ ಹೇಸಿಗೆ ಮೆತ್ತಿಕೊಂಡಂತೆ ಆಗುತ್ತಿತ್ತು.

ಹೊರಗೆ ಬಂಡಿ ನಿಂತ ಸದ್ದಾಯಿತು. ಉರಿ ಮಧ್ಯಾಹ್ನದಲ್ಲಿ ಎರಡು ಕಂಬಳಿ ಹೊದ್ದ ಗಂಡಸೊಬ್ಬನನ್ನು ಹೆಂಡತಿ ತೋಳು ಹಿಡಿದು ಇಳಿಸಿದಳು. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

"ಯಾವೂರವ್ವಾ?"

"ಗುಡ್ಡದಹಟ್ಟಿರೀ. ನಾ ದುರುಗಮ್ಮ, ಈತ ನನ್ನ ಗಂಡ ದುರುಗಪ್ಪ. ನಾಕು ದಿನ ಆತು, ಹಿಂಗ ನಡುಗಾಕತ್ತಾನ."

"ಮೊನ್ನೆ ನಿಮ್ಮ ಹಟ್ಟಿಗೆ ನಮ್ಮವರು ಬಂದಿದ್ರಲ್ಲ? ಬೆರಳು ಚುಚ್ಚಿ ಗುಳಿಗಿ ಕೊಡಲಿಲ್ಲೇನು?"

"ಬಂದಿದ್ರರೀ. ಗೌಡ್ರ ಮನ್ಯಾಗ ಉಂಡ್ರು, ಗ್ವಾಡಿ ಮ್ಯಾಲ ಬಂದ ಗುರ್ತಿಗೆ ಕೆಮ್ಮಣ್ಣಿಲೆ ತಾರೀಖು ಬರದ್ರು, ಹೋದ್ರು. ನಾ ಹಿಂದೇ ಓಡಿ ಬಂದ್ನಿ, ಸೈಕಲ್ ನಿಂದ್ರಿಸಲಿಲ್ಲ. ಇಕಾ, ಈ ಯಪ್ಪನ ಇದ್ದ," ಎಂದು ಹನುಮಂತ್ರಾಯನತ್ತ ಕೈ ತೋರಿಸಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಬಹುದು ಅನ್ನುವುದೇ ಅವಳಿಗೆ ಗೊತ್ತಿದ್ದಂತಿರಲಿಲ್ಲ.

ಶೇಷಗಿರಿ ನಮೂನೆಯತ್ತ ಕಣ್ಣು ಹಾಯಿಸಿದ. ಕ್ರಮ ಸಂಖ್ಯೆ ಹದಿನೇಳು, ದುರುಗಪ್ಪ, ವಯಸ್ಸು ಮೂವತ್ತು. ಮುಂದೆ ತನ್ನದೇ ಅಕ್ಷರ, ಇನ್ನೂ ಹಸಿ: ನೆಗೆಟಿವ್.

ಎದ್ದು ದುರುಗಪ್ಪನ ಬೆರಳು ಚುಚ್ಚಿದ. ನಾಲ್ಕು ಗುಳಿಗೆ ನುಂಗಿಸಿದ. ಸ್ಲೈಡಿಗೆ ಬಣ್ಣ ಹಾಕಿ ಒಣಗಿಸಿ ದುರ್ಬೀನಿನ ಕೆಳಗಿಟ್ಟ. ಹಲವು ಕೆಂಪು ಕಣಗಳಲ್ಲಿ ಮಲೇರಿಯಾದ ರೋಗಾಣು ತುಂಬಿತ್ತು. ಅವನು ಹದಿನೇಳೂ ನೆಗೆಟಿವ್‌ಗಳ ಮೇಲೆ ಗೀಟು ಎಳೆದ.

"ಶೇಷಣ್ಣಾ, ನಿಮ್ಮ ಅಮ್ಮಾರನ್ನ ನೆನಸ್ಕೋರಿ," ಹನುಮಂತ್ರಾಯ ಕೈ ಮುಗಿದ.

"ನೆನಸ್ಕೊಂಡ ಬರಿಯಾಕತ್ತೀನಿ. ಅವತ್ತು ನಮ್ಮಮ್ಮನ ಹೆಸರಲೆ ನೀ ದವಾಖಾನಿಗೆ ಕೋಳಿ ಒಯ್ದಿದ್ದಿಲ್ಲಲೇ!"

ರಾಯಚೂರಿನ ಸಾಹೇಬರಿಗೆ ಸಂಜೆಯ ಬಸ್ಸಿಗೆ ಹೋಗಬೇಕಾದ ನಮೂನೆಯಲ್ಲಿ ಶೇಷಗಿರಿ ಎರಡೇ ಸಾಲು ಬರೆದು ಸಹಿ ಹಾಕಿದ:

'ಒಂದರಿಂದ ನಲವತ್ತು: ಕೋಳಿ.

ನಲವತ್ತೊಂದು, ದುರುಗಪ್ಪ: ಮನುಷ್ಯ. ಪಾಸಿಟಿವ್.'